ಬಂಡೆ ಸಂದಿಯ ಆಲ, ಹಿರೋಷಿಮಾದ ಪೈನ್

1/5
ಬಳ್ಳಾರಿ ಕೋಟೆ ಗುಡ್ಡ ಹತ್ತಿದಾಗ ಎಲ್ಲರೂ ಮೇಲಿಂದ ಊರಿನ ಫೋಟೋ ತೆಗೀತೀರಿ. ಮುಂದಿನ ಸಲ ಒಂದ್ ನಿಮಿಷ ಗೋಡೆ ಕಡೆ ತಿರುಗಿ ನೋಡ್ರಿ. ಕಲ್ಲಿನ ಸಂದಿಯಲ್ಲಿ ಅರಳಿಯೋ ಆಲವೋ ಒಂದು ಗಿಡ ಕಾಣಬಹುದು. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ, ಒಂದು ಹಿಡಿ ಧೂಳು, ಅಪರೂಪಕ್ಕೆ ಬೀಳೋ ಮಳೆ, ಅಷ್ಟೇ ಅದರ ಆಸ್ತಿ. ಎತ್ತರ ಮೊಣಕಾಲಿಗೂ ಬರಲ್ಲ, ಕಾಂಡ ಮಾತ್ರ ಅಜ್ಜನ ಮುಂಗೈ ಥರ ಗಂಟುಗಂಟು. ಕುರುಗೋಡಿನ ಫ್ರೆಂಡ್ಸ್, ನಿಮ್ಮೂರ ಬಂಡೆಗಳ ಮೇಲೂ ಹುಡುಕಿ. ಬೋನ್ಸಾಯ್ ಕಲೆಯ ಹಿಂದೆ ಇರೋದು ಇಂಥ ಗಿಡವೇ. ಬೆಟ್ಟದಲ್ಲಿ ಗಾಳಿ, ಬಂಡೆ, ಬರ ಸೇರಿ ಕುಳ್ಳಗೆ ಮಾಡಿದ ಮರವನ್ನು ಯಾರೋ ನೋಡಿದರು, ಮನೆಗೆ ತಂದರು. ಹಾಗೆ ಬೆಟ್ಟದಿಂದ ತರೋ ಗಿಡಕ್ಕೆ ಜಪಾನಿನವರು ಇವತ್ತಿಗೂ ‘ಯಾಮಾದೋರಿ’ ಅಂತ ಬೇರೆ ಹೆಸರೇ ಇಟ್ಟಿದ್ದಾರೆ.

2/5
ಜಪಾನ್ ಅಂದೆ, ಆದರೆ ಶುರು ಚೀನಾದ್ದು. ಕ್ರಿ.ಶ. 706ರಲ್ಲಿ ಕಟ್ಟಿದ ಟಾಂಗ್ ರಾಜಕುಮಾರ ಝಾಂಗ್‌ಹುವಾಯ್‌ನ ಗೋರಿಯ ಗೋಡೆ ಮೇಲೆ ಒಂದು ಚಿತ್ರ ಇದೆ. ಸೇವಕರು ತಟ್ಟೆಯಲ್ಲಿ ಪುಟ್ಟ ಕಲ್ಲು, ಪುಟ್ಟ ಗಿಡ ಇಟ್ಟುಕೊಂಡು ನಡೀತಿದ್ದಾರೆ. ಚೀನಿಯರು ಅದನ್ನ ಪೆನ್‌ಜಿಂಗ್ ಅಂತಾರೆ. ಜಪಾನಿನಲ್ಲಿ 1309ರ ಒಂದು ಸುರುಳಿ ಚಿತ್ರದಲ್ಲಿ ಕುಂಡದ ಕುಬ್ಜ ಮರಗಳು ಕಾಣುತ್ತವೆ. ‘ಬೋನ್’ ಅಂದರೆ ತಟ್ಟೆ, ‘ಸಾಯ್’ ಅಂದರೆ ನೆಟ್ಟಿದ್ದು. (ಇದು ನಮ್ಮ ದೇಶದಿಂದಲೇ ಅಲ್ಲಿಗೆ ಹೋಯ್ತು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಲ್ಲ, ಅದನ್ನ ಫಾರ್ವರ್ಡ್ ಮಾಡೋರು ಇಂಥ ಒಂದು ಗೋಡೆಯನ್ನೂ ತೋರಿಸಲ್ಲ.)

ಆಮೇಲೆ ಬಹಳ ಕಾಲ ಇದು ರಾಜರ, ಸಾಮಂತರ, ಸನ್ಯಾಸಿಗಳ ವಸ್ತು. ಮಾರೋಕೆ ಅಂತಲೇ ಬೆಳೆಸೋ ನರ್ಸರಿಗಳು ಟೋಕಿಯೋದಲ್ಲಿ ಬಂದವು. 1923ರ ಸೆಪ್ಟೆಂಬರ್ 1ರ ಭೂಕಂಪ ಆ ಊರನ್ನೇ ಸುಟ್ಟು ಹಾಕಿತು. ಬೆಳೆಗಾರರು ಒಳ್ಳೆ ನೀರು, ಒಳ್ಳೆ ಗಾಳಿ ಹುಡುಕಿಕೊಂಡು ಉತ್ತರಕ್ಕೆ ಹೋಗಿ 1925ರಲ್ಲಿ ಓಮಿಯಾ ಬೋನ್ಸಾಯ್ ಗ್ರಾಮ ಕಟ್ಟಿದರು. ಆಗ ಅಲ್ಲಿ ಮನೆ ಬೇಕಂದರೆ ಕನಿಷ್ಠ 10 ಬೋನ್ಸಾಯ್ ಇರಬೇಕಿತ್ತು, ಎರಡಂತಸ್ತು ಕಟ್ಟೋ ಹಾಗಿರಲಿಲ್ಲ, ಕಾಂಪೌಂಡ್ ಬದಲು ಗಿಡದ ಬೇಲಿ, ನೋಡೋಕೆ ಬಂದವರಿಗೆ ಗೇಟು ತೆಗೆದೇ ಇರಬೇಕಿತ್ತು. ನಮ್ಮ ಲೇಔಟ್‌ಗಳಲ್ಲಿ ಈ ರೂಲ್ಸ್ ತಂದರೆ ಎಷ್ಟು ಮನೆ ಉಳೀತಾವೋ!

3/5
ಈಗ ನಾನು ಈ ಸೀರೀಸ್ ಶುರು ಮಾಡೋಕೆ ಕಾರಣವಾದ ಮರ.

ಹಿರೋಷಿಮಾದಲ್ಲಿ ಯಾಮಾಕಿ ಅನ್ನೋ ಬೋನ್ಸಾಯ್ ಬೆಳೆಗಾರರ ಮನೆತನ ಇತ್ತು. ಅವರ ಹತ್ತಿರ ಒಂದು ಬಿಳಿ ಪೈನ್. ಅದನ್ನ ಬೋನ್ಸಾಯ್ ಆಗಿ ತಿದ್ದೋದು ಶುರುವಾಗಿದ್ದು 1625ರಲ್ಲಿ. 1945ರ ಆಗಸ್ಟ್ 6ರ ಬೆಳಿಗ್ಗೆ ಅಣುಬಾಂಬ್ ಬಿದ್ದಾಗ ನರ್ಸರಿ ಇದ್ದದ್ದು ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರ. ಮನೆಯ ಗಾಜು ಪುಡಿಪುಡಿಯಾಗಿ ಒಳಗಿದ್ದವರಿಗೆ ಸಣ್ಣಪುಟ್ಟ ಗಾಯ. ನರ್ಸರಿ ಸುತ್ತ ಎತ್ತರದ ಗೋಡೆ ಇದ್ದದ್ದಕ್ಕೆ ಮರ ಉಳೀತು.

1976ರಲ್ಲಿ ಅಮೆರಿಕಕ್ಕೆ 200 ವರ್ಷ ತುಂಬಿದ್ದಕ್ಕೆ ಜಪಾನಿನಿಂದ 53 ಬೋನ್ಸಾಯ್ ಉಡುಗೊರೆ ಹೋದವು. ಮಸಾರು ಯಾಮಾಕಿ ಕೊಟ್ಟದ್ದು ಇದೇ ಪೈನ್. ಬಾಂಬ್ ಹಾಕಿದ ದೇಶಕ್ಕೆ! ಅದು ಎಲ್ಲಿ ಬದುಕಿ ಬಂತು ಅನ್ನೋದು ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ ದಿನಾ ನೀರು ಹಾಕೋರಿಗೂ ಗೊತ್ತಿರಲಿಲ್ಲ. 2001ರಲ್ಲಿ ಯಾಮಾಕಿಯ ಇಬ್ಬರು ಮೊಮ್ಮಕ್ಕಳು ತಾತನ ಮರ ನೋಡೋಕೆ ಬಂದಾಗ ಕಥೆ ಹೊರಬಿತ್ತು. ಈಗಲೂ ಅಲ್ಲೇ ಇದೆ, ಹಸಿರಾಗಿದೆ.

ಬಿಕಾಂ ಓದೋರು ಸ್ವಲ್ಪ ಲೆಕ್ಕ ಹಾಕಿ. ನಮ್ಮ ಡಿಪ್ರಿಸಿಯೇಷನ್ ಚಾಪ್ಟರ್‌ನಲ್ಲಿ ಮಷೀನು ಹತ್ತು ವರ್ಷಕ್ಕೆ ಸ್ಕ್ರ್ಯಾಪ್. ಇಲ್ಲಿ 1625ರ ಓಪನಿಂಗ್ ಬ್ಯಾಲೆನ್ಸ್ 351 ವರ್ಷ ಕ್ಯಾರಿ ಫಾರ್ವರ್ಡ್ ಆಗಿ ಸಾಗರ ದಾಟಿದೆ. ಮೊದಲು ಕತ್ತರಿ ಹಿಡಿದವನಿಗೆ ಇದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗೋ ಚಾನ್ಸೇ ಇರಲಿಲ್ಲ. ಅವನ ಕೈಲಿದ್ದದ್ದು ಒಂದು ಎಳೆ ಪೈನ್ ಅಷ್ಟೇ.

4/5
ನಮ್ಮ ರಾಜ್ಯದಲ್ಲಿ ನೋಡಬೇಕಂದರೆ ಮೈಸೂರಿಗೆ ಹೋಗಿ. ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿರೋ ತೋಟದ ಹೆಸರು ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ. 2016ರ ಡಿಸೆಂಬರ್‌ನಲ್ಲಿ ಅಲ್ಲಿ 2,649 ಬೋನ್ಸಾಯ್ ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಕಿಷ್ಕಿಂಧೆ ಅಂತ ಜನ ನಂಬೋದು ನಮ್ಮ ಪಕ್ಕದ ಹಂಪಿ–ಆನೆಗೊಂದಿ ಸೀಮೆಯನ್ನ. ಹೆಸರು ನಮ್ಮ ಕಡೇದು, ತೋಟ ಅವರ ಕಡೆ. ಸ್ವಲ್ಪ ಹೊಟ್ಟೆಕಿಚ್ಚು ಇದೆ.

‘ಮರಾನ ಹಿಂಸೆ ಮಾಡಿ ಕುಳ್ಳ ಮಾಡೋದು ಪಾಪ ಅಲ್ವಾ’ ಅಂತ ಡಿಎಂನಲ್ಲಿ ಕೇಳ್ತೀರಿ. ಉಪವಾಸ ಕೆಡವಿದ ಗಿಡ 400 ವರ್ಷ ಬದುಕಲ್ಲ ಕಣ್ರೀ. ಬೋನ್ಸಾಯ್ ಬೇರೆ ಜಾತಿಯೂ ಅಲ್ಲ. ಅದೇ ಆಲ, ಅದೇ ಹುಣಸೆ. ಬೇರು, ಚಿಗುರು ಕತ್ತರಿಸೋದು ನಿಲ್ಲಿಸಿ ನೆಲಕ್ಕೆ ನೆಟ್ಟರೆ ಮತ್ತೆ ದೊಡ್ಡದಾಗುತ್ತೆ. ನನಗೆ ಹಿಂಸೆ ಅನ್ನಿಸೋದು ಬೇರೆ: ಬಳ್ಳಾರಿ ಬಿಸಿಲಿಗೆ ಜಪಾನಿ ಪೈನ್, ಮೇಪಲ್ ಆನ್‌ಲೈನ್‌ನಲ್ಲಿ ತರಿಸೋದು. ಅವಕ್ಕೆ ಚಳಿಗಾಲದ ನಿದ್ದೆ ಬೇಕು. ಇಲ್ಲಿ ಎಲ್ಲಿಂದ ತರ್ತೀರಿ?

5/5
ಹಾಗಾದರೆ ಇಲ್ಲಿ ಏನು? ಆಲ, ಅರಳಿ, ಅತ್ತಿ, ಹುಣಸೆ. ಕೋಟೆ ಗೋಡೆಗೆ ಕೈ ಹಾಕಬೇಡಿ. ನಿಮ್ಮನೆ ಸಂಪು, ಟೆರೇಸ್ ಪೈಪಿನ ಸಂದಿಯಲ್ಲಿ ಹುಟ್ಟಿದ್ದನ್ನ ಹೇಗೂ ಕಿತ್ತು ಬಿಸಾಕ್ತೀರಲ್ಲ, ಅದನ್ನ ತಗೊಳ್ಳಿ.

ಎಳೆ ಗಿಡಾನ ತಕ್ಷಣ ಚಪ್ಪಟೆ ತಟ್ಟೆಗೆ ಹಾಕಿದರೆ ಕಾಂಡ ಪೆನ್ಸಿಲ್ಲಾಗೇ ಉಳಿಯುತ್ತೆ. ನಮ್ಮಲ್ಲಿ 40 ಡಿಗ್ರಿ ದಾಟಿದ ದಿನ ತಟ್ಟೆಯ ಮಣ್ಣು ಮಧ್ಯಾಹ್ನಕ್ಕೇ ಒಣಗುತ್ತೆ. ಮೊದಲ ಕೆಲವು ವರ್ಷ ನೆಲದಲ್ಲೋ ದೊಡ್ಡ ಕುಂಡದಲ್ಲೋ ಮನಸೋಇಚ್ಛೆ ಬೆಳೀಲಿ. ಕೆಳಗಿನ ಒಂದು ಕೊಂಬೆಯನ್ನ ಕತ್ತರಿಸದೆ ಉದ್ದ ಬಿಡಿ. ಅದು ಎಳೆಯೋ ನೀರು, ಮಾಡೋ ಊಟದಿಂದ ಬುಡ ದಪ್ಪಾಗುತ್ತೆ. ಬುಡ ಸಾಕು ಅನ್ನಿಸಿದ ಮೇಲೆ ಆ ಕೊಂಬೆ ತೆಗೀರಿ. ಇದನ್ನ ಬಲಿ ಕೊಂಬೆ ಅಂತಾರೆ. ತಟ್ಟೆ ಬರೋದು ಕೊನೆಗೆ. ಎರೆಮಣ್ಣು ಬೇಡ, ನೀರು ಹಿಡಿದು ಬೇರು ಕೊಳೆಸುತ್ತೆ. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಗೊಬ್ಬರ ಸಾಕು. ತಂತಿ ಸುತ್ತಿದರೆ ಆಗಾಗ ನೋಡ್ತಿರಿ, ಆಲ ಬೇಗ ಊದಿ ತಂತಿಯ ಗುರುತು ಕಾಂಡದಲ್ಲೇ ಉಳಿಯುತ್ತೆ.

ಕೊನೇ ಫೋಟೋದಲ್ಲಿರೋದು ಪಾರ್ವತಿನಗರದ ನಮ್ಮ ಟೆರೇಸಿನ ಅರಳಿ, ಪೇಂಟ್ ಬಕೆಟ್‌ನಲ್ಲಿ. ಬಲಿ ಕೊಂಬೆ ನನ್ನ ಭುಜಕ್ಕೆ ಬಂದಿದೆ, ಅಮ್ಮನ ಬಟ್ಟೆ ಹಗ್ಗಕ್ಕೆ ಅಡ್ಡ. ಜೂನ್ ಮಳೆ ಹಿಡಿದ ಮೇಲೆ ಬೇರು ಕತ್ತರಿಸೋದನ್ನ ಹಾಕ್ತೀನಿ. ಸಿರುಗುಪ್ಪ ಬಸ್‌ನಲ್ಲಿ ಬರೋರು ಯಾರಾದರೂ ಒಂದು ಹುಣಸೆ ಸಸಿ ತಂದರೆ, ಬದಲಿಗೆ ಅತ್ತಿ ಕೊಡ್ತೀನಿ.