ಕೀಳ್ಪಾಕದ ಮರಳು ಹಾಸು

ಹೊಳೆ ಬತ್ತಿದ ಬೇಸಿಗೆಯಲ್ಲಿ ಮರಳನ್ನು ಬಗೆದು ಒರತೆ ತೋಡಿ, ತಿಳಿನೀರನ್ನು ಕೊಡಕ್ಕೆ ತುಂಬಿಕೊಳ್ಳುವ ಪದ್ಧತಿ ನಮ್ಮ ಕನ್ನಡ ನಾಡಿನ ಹಳ್ಳಿಗಳಿಗೆ ಹೊಸದಲ್ಲ. ಮರಳಿನ ಅದೇ ಗುಣವನ್ನು ನಂಬಿ ಒಂದು ಮಹಾನಗರದ ಬಾಯಾರಿಕೆ ತೀರಿಸಿದ ಕಥೆ ನಾವು ನೆಲೆಸಿರುವ ಈ ಚೆನ್ನೈಯದು.

1772ರಲ್ಲಿ ಕ್ಯಾಪ್ಟನ್ ಬೇಕರ್ ಎಂಬಾತನ ಯೋಜನೆಯಂತೆ ‘ಏಳು ಬಾವಿ’ಗಳ ನೀರು ಸೇಂಟ್ ಜಾರ್ಜ್ ಕೋಟೆಗೆ ಹರಿಯಿತು. ಮೈಸೂರಿನ ಹೈದರಾಲಿ ಮದರಾಸಿನ ಬಾಗಿಲಿಗೇ ಬಂದು ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡು ಹೋಗಿ ಆಗಿನ್ನೂ ಮೂರೇ ವರ್ಷ! ಕೋಟೆಗೆ ನೀರಾಯಿತು, ಊರಿನವರ ಸರದಿ ಬರಲು ನೂರು ವರ್ಷ ಹಿಡಿಯಿತು. 1872ರಲ್ಲಿ ಪುಳಲ್ ಕೆರೆಯ, ಎಂದರೆ ರೆಡ್ ಹಿಲ್ಸ್ ಕೆರೆಯ ನೀರು ತೆರೆದ ಕಾಲುವೆಯಲ್ಲಿ ಕೀಳ್ಪಾಕಕ್ಕೆ ಬಂದು, ಅಲ್ಲಿಂದ ಕಬ್ಬಿಣದ ಕೊಳವೆಗಳಲ್ಲಿ ಬೀದಿಗಿಳಿಯಿತು. ಬಂದದ್ದು ಸೋಸದ ನೀರು. ದಾರಿಯ ಕೊಳೆಯೂ ಅದರೊಡನೆ ಬರುವಂತಿತ್ತು. ನೀರು ತರುವುದೇ ಬೇರೆ, ಕುಡಿಯುವ ನೀರು ಕೊಡುವುದೇ ಬೇರೆ. ಈ ಎರಡರ ನಡುವೆ ಮದರಾಸಿನಲ್ಲಿ ಇನ್ನೂ 42 ವರ್ಷ ಕಳೆದವು.

ಮರಳಿನಿಂದ ಸೋಸುವ ವಿದ್ಯೆ ತಿಳಿಯದೆ ಆದ ತಡವಲ್ಲ ಇದು. ಲಂಡನ್ನಿನಲ್ಲಿ ಜೇಮ್ಸ್ ಸಿಂಪ್ಸನ್ 1829ರಲ್ಲಿಯೇ ಮರಳಿನ ಹಾಸು ಕಟ್ಟಿದ್ದನು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಬಂದು 8,000ಕ್ಕೂ ಹೆಚ್ಚು ಜನ ತೀರಿಕೊಂಡರು. ಪಕ್ಕದ ಆಲ್ಟೋನಾ ಪಟ್ಟಣದವರು ಕುಡಿಯುತ್ತಿದ್ದುದು ಹ್ಯಾಂಬರ್ಗಿನ ಕೊಳೆ ಸೇರಿದ ಎಲ್ಬೆ ನದಿಯ ನೀರನ್ನೇ. ಆದರೆ ಅದನ್ನು ಮರಳಿನಲ್ಲಿ ಸೋಸುತ್ತಿದ್ದರು. ಅವರು ಬಹುಮಟ್ಟಿಗೆ ಪಾರಾದರು.

ಕೊನೆಗೆ ಇಂಜಿನಿಯರ್ ಮೇಡ್ಲಿಯವರ ಯೋಜನೆಯಂತೆ ರೆಡ್ ಹಿಲ್ಸ್‌ನಿಂದ ಮುಚ್ಚಿದ ಗಾರೆ ಕಾಲುವೆ ಬಂತು. 1914ರಲ್ಲಿ ಕೀಳ್ಪಾಕದಲ್ಲಿ ನಿಧಾನ ಸೋಸುವ ಮರಳಿನ ತೊಟ್ಟಿಗಳು ಕೆಲಸಕ್ಕೆ ತೊಡಗಿದವು. ಇಂಥ ತೊಟ್ಟಿಯ ತಳದಲ್ಲಿ ಜಲ್ಲಿ, ಅದರ ಮೇಲೆ ಎರಡು ಮೂರು ಅಡಿ ನಯವಾದ ಮರಳು, ಮೇಲೆ ನಿಂತ ನೀರು. ಮರಳು ಬರಿಯ ಜರಡಿಯೆಂದು ತಿಳಿಯಬಾರದು. ಕೆಲವು ದಿನಗಳಲ್ಲಿ ಅದರ ಮೇಲೆ ಲೋಳೆಯಂಥ ಒಂದು ತೆಳು ಪೊರೆ ಕಟ್ಟುತ್ತದೆ. ನೋಡಿದರೆ ಅಸಹ್ಯ! ಆದರೆ ಆ ಪೊರೆಯಲ್ಲಿ ವಾಸಿಸುವ ಸೂಕ್ಷ್ಮ ಜೀವಿಗಳೇ ರೋಗದ ಕ್ರಿಮಿಗಳನ್ನು ತಿಂದು ಮುಗಿಸುತ್ತವೆ. ಪೊರೆ ಬಲಿಯುವ ಮೊದಲು ಇಳಿದ ನೀರನ್ನು ಚೆಲ್ಲಬೇಕು. ತೀರ ದಪ್ಪವಾದಾಗ ಮೇಲಿನ ಅರ್ಧ ಅಂಗುಲ ಮರಳನ್ನು ಕೆರೆದು ತೆಗೆಯಬೇಕು. ಗಂಟೆಗೆ ಸುಮಾರು ನಾಲ್ಕು ಅಂಗುಲ ನೀರು ಇಳಿದರೆ ಸರಿ. ಅವಸರಪಡಿಸಿದರೆ ಕೆಲಸ ಕೆಟ್ಟೀತು.

ಅವಸರವೇ ಮುಂದೆ ಬಂದ ತೊಡಕು. 1961ರ ಹೊತ್ತಿಗೆ 6.6 ಲಕ್ಷ ಜನರಿರಬಹುದು, ತಲೆಗೆ ದಿನಕ್ಕೆ 25 ಗ್ಯಾಲನ್ ಸಾಕು ಎಂದು ಲೆಕ್ಕ ಹಾಕಿ ಕಟ್ಟಿದ್ದು ಆ ಯೋಜನೆ. 1961ರ ಜನಗಣತಿಯಲ್ಲಿ ಮದರಾಸಿನ ಜನಸಂಖ್ಯೆ 17 ಲಕ್ಷ ದಾಟಿತ್ತು. ಉದ್ಯೋಗ, ವ್ಯಾಪಾರ, ಹೋಟೆಲುಗಳೆಂದು ಬಂದ ಕನ್ನಡಿಗರೂ ಆ ಲೆಕ್ಕದಲ್ಲಿದ್ದೆವು. ನೆಲ ಕಡಿಮೆ, ನೀರು ಹೆಚ್ಚು ಬೇಕು. ನಗರವು ವೇಗದ ಸೋಸು ತೊಟ್ಟಿಗಳಿಗೆ ತಿರುಗಿತು. ಅಲ್ಲಿಯೂ ಮರಳೇ, ಆದರೆ ಪೊರೆಗೆ ಬಲಿಯುವ ಬಿಡುವಿಲ್ಲ: ಪಟಕ ಹಾಕಿ ಕೊಳೆಯನ್ನು ಗರಣೆ ಕಟ್ಟಿಸಿ ತಂಗಿಸುತ್ತಾರೆ, ಮಿಕ್ಕದ್ದನ್ನು ಮರಳು ತಡೆಯುತ್ತದೆ, ಕ್ರಿಮಿಗಳ ಕೆಲಸವನ್ನು ಕ್ಲೋರಿನ್ ನೋಡಿಕೊಳ್ಳುತ್ತದೆ.