ಇಂಧನ ಕೊಳವೆಯ ಹಿಡಿದ ಜೋಡಣೆ

ಹಳೆಯ ವಾಹನದ ಇಂಧನ ಕೊಳವೆಯ ತುದಿಯಲ್ಲಿರುವ ನಟ್ಟು ಅಥವಾ ಬೋಲ್ಟು ತುಕ್ಕಿನಿಂದ ಬಿಚ್ಚಲಾಗದಂತೆ ಬಿಗಿದಿದ್ದರೆ ಅದನ್ನು ಹಿಡಿದ ಜೋಡಣೆ ಎನ್ನಬಹುದು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ತೀರದಲ್ಲಿರುವ ಐರಣಿಯಂತಹ ಕೃಷಿಪ್ರಧಾನ ಗ್ರಾಮಗಳಲ್ಲಿ ಹಳೆಯ ಡೀಸೆಲ್ ಟ್ರ್ಯಾಕ್ಟರುಗಳ ದುರಸ್ತಿಯ ವೇಳೆ ಈ ತೊಡಕು ಎದುರಾಗುತ್ತದೆ.

ಕಾರಣಗಳು

ಮಳೆನೀರು, ಕೆಸರು ಹಾಗೂ ರಸಗೊಬ್ಬರದ ಲವಣಾಂಶ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಮರೆಗಳು ಬಿಗಿಯುತ್ತವೆ. ನಟ್ಟು ಕೊಳವೆಗೂ ಅಂಟಿಕೊಂಡಿದ್ದರೆ, ತಿರುಗಿಸುವಾಗ ಕೊಳವೆಯೇ ತಿರುಚಿ ಮುರಿಯುತ್ತದೆ.

ಬಿಚ್ಚುವ ವಿಧಾನ

* ಎಂಜಿನ್ನು ತಣ್ಣಗಾದ ಬಳಿಕ ಟ್ಯಾಂಕಿನ ಕಾಕನ್ನು ಮುಚ್ಚಿ, ಬ್ಯಾಟರಿಯ ತಂತಿಯನ್ನು ಕಳಚಬೇಕು.
* ಜೋಡಣೆಯ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯಬೇಕು. ಒಳಹೊಕ್ಕ ಧೂಳು ಪಂಪನ್ನು ಕೆಡಿಸುತ್ತದೆ.
* ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕೆಲವು ಗಂಟೆ ಬಿಡಬೇಕು.
* ನಟ್ಟಿನ ಆರೂ ಮೂಲೆಗಳನ್ನು ಆದಷ್ಟು ಸುತ್ತುವರಿಯುವ, ಕೊಳವೆ ತೂರಲು ಸೀಳುಳ್ಳ ಫ್ಲೇರ್ ಸ್ಪ್ಯಾನರ್ ಬಳಸಬೇಕು. ಎದುರು ಭಾಗವನ್ನು ಮತ್ತೊಂದು ಸ್ಪ್ಯಾನರಿನಿಂದ ಹಿಡಿಯಬೇಕು.
* ತುಸು ಬಿಗಿದು, ಮತ್ತೆ ಸಡಿಲಿಸುತ್ತ ಮುಂದುವರಿಯಬೇಕು.

ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳನ್ನು ಮರುಜೋಡಣೆಯಲ್ಲಿ ಬದಲಿಸಬೇಕು. ಅನಂತರ ಇಂಧನ ವ್ಯವಸ್ಥೆಯಲ್ಲಿ ಸೇರಿದ ಗಾಳಿಯನ್ನು ಹೊರಹಾಕದಿದ್ದರೆ ಡೀಸೆಲ್ ಎಂಜಿನ್ನು ಚಾಲನೆಗೊಳ್ಳುವುದಿಲ್ಲ.

ಎಚ್ಚರಿಕೆ

ನಟ್ಟನ್ನು ಸಡಿಲಿಸಲು ಬೆಂಕಿಯಿಂದ ಕಾಯಿಸುವುದು ಅಪಾಯಕರ. ಉಳಿದ ಇಂಧನದ ಆವಿಗೆ ಬೆಂಕಿ ತಗಲಬಹುದು. ಪಂಪಿನಿಂದ ಇಂಜೆಕ್ಟರಿಗೆ ಸಾಗುವ ಕೊಳವೆಯಲ್ಲಿ ಒತ್ತಡ ಅತ್ಯಧಿಕವಾಗಿದ್ದು, ಅಲ್ಲಿನ ಸೋರಿಕೆಯನ್ನು ಎಂಜಿನ್ನು ಓಡುತ್ತಿರುವಾಗ ಕೈಯಿಂದ ಮುಟ್ಟಿ ಪರೀಕ್ಷಿಸಬಾರದು. ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಬಲ್ಲದು. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗುವುದು ಅಗತ್ಯ.