ಮಿಂಬರ್ ಮತ್ತು ಮತಪೆಟ್ಟಿಗೆ: ತುರ್ಕಿಯ ನೂರು ವರ್ಷಗಳು

ತುರ್ಕಿಯ ವಿಷಯ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಮುಸ್ತಫಾ ಕಮಾಲ್ ಪಾಷಾ ದೀನನ್ನು ಅಳಿಸಿಹಾಕಲು ಹೊರಟರು ಎಂಬುದು ಒಂದು. ಉರ್ದುಗಾನ್ ಅದನ್ನು ಮರಳಿ ತಂದರು ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಇವರಿಬ್ಬರ ಕಾಲದಲ್ಲೂ ಅಂಕಾರಾದಲ್ಲಿ ಕೆಲಸ ಮಾಡುತ್ತಲೇ ಬಂದ ಒಂದು ಸರಕಾರಿ ಇಲಾಖೆ ಇದೆ. ಅದರ ಹೆಸರು ದಿಯಾನೆತ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಧಾರ್ಮಿಕ ವ್ಯವಹಾರಗಳ ಇಲಾಖೆ. ಅದನ್ನು ಬಿಟ್ಟು ತುರ್ಕಿಯ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲಾಗದು. ಮಿಂಬರ್ ಹತ್ತುವ ನನ್ನಂಥವರಿಗಂತೂ ಅದರ ಕಥೆ ತಿಳಿದಿರಬೇಕು.

1923ರ ಫೆಬ್ರವರಿ 7ರಂದು ಬಾಲಿಕೆಸಿರ್ ಪಟ್ಟಣದ ಝಗ್ನೋಸ್ ಪಾಷಾ ಮಸೀದಿಯಲ್ಲಿ ಮುಸ್ತಫಾ ಕಮಾಲ್ ಸ್ವತಃ ಮಿಂಬರ್ ಹತ್ತಿ ಮಾತನಾಡಿದರು. ಖುತ್ಬಾ ಜನರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ಅವರು ಹೇಳಿದ ಮಾತುಗಳಲ್ಲಿ ಒಂದು. ನಮ್ಮ ಎಷ್ಟೋ ಮಸೀದಿಗಳಲ್ಲಿ ಖುತ್ಬಾಕ್ಕೆ ಮುನ್ನ ಕನ್ನಡದಲ್ಲೋ ಉರ್ದುವಿನಲ್ಲೋ ಪ್ರವಚನ ಕೊಡುವುದು ಇದೇ ಕಾರಣಕ್ಕೆ. ಹಾಗಾಗಿ ಆ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಖುತ್ಬಾವನ್ನು ಬರೆಯುವವರು ಯಾರು ಎಂಬ ವಿಷಯದಲ್ಲಿ.

ಇದಾಗಿ ಒಂದು ವರ್ಷದ ನಂತರ, 1924ರ ಮಾರ್ಚ್ 3ರಂದು, ಅಂಕಾರಾದ ಮಹಾಸಭೆ ಒಂದೇ ದಿನ ಮೂರು ಕಾನೂನುಗಳನ್ನು ಅಂಗೀಕರಿಸಿತು. ಒಂದು ಖಿಲಾಫತನ್ನು ರದ್ದುಪಡಿಸಿತು. ಇನ್ನೊಂದು ಎಲ್ಲ ಶಾಲೆಗಳನ್ನೂ ಮದ್ರಸಗಳನ್ನೂ ಶಿಕ್ಷಣ ಸಚಿವಾಲಯದ ಕೈಗೆ ಕೊಟ್ಟಿತು. ಮೂರನೆಯದು ಶರೀಅತ್ ಮತ್ತು ವಕ್ಫ್ ಸಚಿವಾಲಯವನ್ನು ಮುಚ್ಚಿ, ಪ್ರಧಾನಿಯ ಕೈಕೆಳಗೆ ದಿಯಾನೆತ್ ಇಲಾಖೆಯನ್ನು ಸ್ಥಾಪಿಸಿತು. ಮೊದಲನೆಯದರ ಸುದ್ದಿ ಭಾರತದಲ್ಲಿ ಸಿಡಿಲಿನಂತೆ ಎರಗಿತು. ಖಿಲಾಫತ್ ಚಳವಳಿಗಾಗಿ ಜೈಲು ಕಂಡವರಿಗೆ, ಒಡವೆ ಬಿಚ್ಚಿಕೊಟ್ಟ ತಾಯಂದಿರಿಗೆ, ತುರ್ಕರೇ ಖಿಲಾಫತನ್ನು ಕಿತ್ತುಹಾಕಿದರು ಎಂಬುದನ್ನು ನಂಬಲಾಗಲಿಲ್ಲ. ದೇಶಭ್ರಷ್ಟರಾದ ಕೊನೆಯ ಖಲೀಫ ಎರಡನೇ ಅಬ್ದುಲ್ ಮಜೀದ್‌ರಿಗೆ ಹೈದರಾಬಾದಿನ ನಿಝಾಮರು ಮಾಸಾಶನ ಕೊಟ್ಟರು. 1931ರಲ್ಲಿ ಖಲೀಫರ ಮಗಳು ದುರ್ರುಶೆಹ್ವಾರ್ ನಿಝಾಮರ ಸೊಸೆಯಾದರು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು ಆಗ ಅದೇ ಸಂಸ್ಥಾನದಲ್ಲಿದ್ದವು.

ಖಿಲಾಫತಿನ ದುಃಖದಲ್ಲಿ ಮೂರನೆಯ ಕಾನೂನನ್ನು ನಮ್ಮವರು ಹೆಚ್ಚು ಗಮನಿಸಲಿಲ್ಲ. ತುರ್ಕಿ ಧರ್ಮವನ್ನೂ ರಾಜ್ಯವನ್ನೂ ಬೇರೆ ಮಾಡಿತು ಎಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ನಿಜವಾಗಿ ಅಲ್ಲಿ ನಡೆದದ್ದು ಬೇರೆ. ರಾಜ್ಯದ ಮೇಲೆ ಉಲಮಾಗಳ ಮಾತು ನಡೆಯದಂತಾಯಿತು, ಆದರೆ ಮಸೀದಿಯ ಮೇಲೆ ರಾಜ್ಯದ ಮಾತು ನಡೆಯತೊಡಗಿತು. ಇಮಾಮರು ಸರಕಾರಿ ನೌಕರರಾದರು. ಇಲಾಖೆಯ ಮೊದಲ ಮುಖ್ಯಸ್ಥ ರಿಫಾತ್ ಬೋರೆಕ್ಚಿ ಸಾಮಾನ್ಯ ಗುಮಾಸ್ತರೇನಲ್ಲ. ಅವರು ಅಂಕಾರಾದ ಮುಫ್ತಿ. 1920ರಲ್ಲಿ ಇಸ್ತಾಂಬುಲಿನ ಶೈಖುಲ್ ಇಸ್ಲಾಂ ಸ್ವಾತಂತ್ರ್ಯ ಹೋರಾಟಗಾರರನ್ನು ಬಂಡಾಯಗಾರರೆಂದು ಫತ್ವಾ ಕೊಟ್ಟಾಗ, ಅದಕ್ಕೆ ಎದುರು ಫತ್ವಾ ಕೊಟ್ಟವರು. ಮುಂದೆ ಅಲ್ಮಲಿಲಿ ಹಮ್ದಿ ಯಾಝಿರ್‌ರ ಪ್ರಸಿದ್ಧ ಕುರ್‌ಆನ್ ತಫ್ಸೀರನ್ನು ಪ್ರಕಟಿಸಿದ್ದೂ ಇದೇ ಇಲಾಖೆ. ಇದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾದೀತು.

ಆದರೆ ಇದೇ ಇಲಾಖೆ 1932ರಲ್ಲಿ ಅಝಾನನ್ನು ತುರ್ಕಿ ಭಾಷೆಯಲ್ಲಿ ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. 'ಅಲ್ಲಾಹ್' ಎಂಬ ನಾಮದ ಜಾಗದಲ್ಲಿ 'ತಾನ್ರಿ' ಬಂತು. 'ಫಲಾಹ್' ಎಂಬ ಪದ ಮಾತ್ರ ಹಾಗೆಯೇ ಉಳಿಯಿತು. 1933ರ ಫೆಬ್ರವರಿಯಲ್ಲಿ ಬುರ್ಸಾ ನಗರದ ಉಲು ಜಾಮಿಯ ಜನರು ಪ್ರತಿಭಟಿಸಿದರು, ಬಂಧನಗಳಾದವು. 1941ರಲ್ಲಿ ದಂಡಸಂಹಿತೆಯನ್ನೇ ತಿದ್ದಿ, ಅರಬಿಯಲ್ಲಿ ಅಝಾನ್ ಕೊಟ್ಟವರಿಗೆ ಮೂರು ತಿಂಗಳವರೆಗೆ ಜೈಲು ಎಂದರು. ಇಮಾಮರನ್ನು ತಯಾರು ಮಾಡುವ ಶಾಲೆಗಳು 1930ರ ಹೊತ್ತಿಗೇ ಮುಚ್ಚಿಹೋಗಿದ್ದವು. ಕೊನೆಗೆ ಹಳ್ಳಿಗಳಲ್ಲಿ ಮಯ್ಯಿತ್ ನಮಾಝಿಗೆ ನಿಲ್ಲುವವರೂ ಸಿಗದ ಸ್ಥಿತಿ ಬಂತು.

ಇದನ್ನು ಬದಲಿಸಿದ್ದು ಯಾವ ದಂಗೆಯೂ ಅಲ್ಲ. ಎರಡನೇ ಮಹಾಯುದ್ಧದ ನಂತರ ಇಸ್ಮತ್ ಇನೊನು ವಿರೋಧ ಪಕ್ಷಕ್ಕೆ ಅವಕಾಶ ಕೊಟ್ಟರು. 1946ರ ಚುನಾವಣೆಯಲ್ಲಿ ಮತದಾನ ಬಹಿರಂಗ, ಎಣಿಕೆ ಗುಪ್ತ! ಅದು ಎಂಥ ಚುನಾವಣೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಮುಂದಿನ ಸಲ ಜನರು ಸೋಲಿಸಬಹುದು ಎಂಬ ಭಯ ಆಳುವ ರಿಪಬ್ಲಿಕನ್ ಪೀಪಲ್ಸ್ ಪಕ್ಷಕ್ಕೆ ಹುಟ್ಟಿತು. 1949ರಲ್ಲಿ ಅದೇ ಪಕ್ಷ ಪ್ರಾಥಮಿಕ ಶಾಲೆಯಲ್ಲಿ ಧಾರ್ಮಿಕ ಪಾಠವನ್ನೂ, ಇಮಾಮರ ತರಬೇತಿಯನ್ನೂ, ಅಂಕಾರಾ ವಿಶ್ವವಿದ್ಯಾಲಯದಲ್ಲಿ ಇಲಾಹಿಯಾತ್ ವಿಭಾಗವನ್ನೂ ಆರಂಭಿಸಿತು.

1950ರ ಮೇ 14ರಂದು ಗುಪ್ತ ಮತದಾನ, ಬಹಿರಂಗ ಎಣಿಕೆ, ನ್ಯಾಯಾಧೀಶರ ಉಸ್ತುವಾರಿಯಲ್ಲಿ ಚುನಾವಣೆ ನಡೆಯಿತು. ಡೆಮಾಕ್ರಟ್ ಪಕ್ಷ ಭಾರೀ ಬಹುಮತದಿಂದ ಗೆದ್ದಿತು. ಇನೊನು ಗಲಾಟೆಯಿಲ್ಲದೆ ಅಧಿಕಾರ ಬಿಟ್ಟುಕೊಟ್ಟರು. ಅವರ ಬಗ್ಗೆ ಎಷ್ಟೇ ಅಸಮಾಧಾನವಿದ್ದರೂ ಇದು ಅವರಿಗೆ ಸಲ್ಲಬೇಕಾದ ಗೌರವ. ಜೂನ್ 16ರಂದು, ರಮಝಾನ್ ಉಪವಾಸ ಆರಂಭವಾಗುವ ಮುನ್ನಾದಿನ, ಪ್ರಧಾನಿ ಅದ್ನಾನ್ ಮೆಂದೆರೆಸ್‌ರ ಸರಕಾರ ಅಝಾನಿನ ಶಿಕ್ಷೆಯನ್ನು ತೆಗೆದುಹಾಕಿತು. ಸೋತ ಪಕ್ಷವೂ ವಿರೋಧಿಸಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಅಝಾನ್ ಅರಬಿಯಲ್ಲೇ ಇರಬೇಕೆಂದು ಆ ಕಾನೂನು ಆಜ್ಞೆ ಮಾಡಲಿಲ್ಲ, ತುರ್ಕಿಯ ಅಝಾನನ್ನು ನಿಷೇಧಿಸಲೂ ಇಲ್ಲ. ಅರಬಿ ಅಝಾನಿಗಿದ್ದ ಜೈಲನ್ನು ತೆಗೆಯಿತು, ಅಷ್ಟೇ. ಉಳಿದುದನ್ನು ಮುಅಝ್ಝಿನರೂ ಜನರೂ ತೀರ್ಮಾನಿಸಿದರು. ಆ ದೇಶದ ನೂರು ವರ್ಷಗಳಲ್ಲಿ ದೀನಿನ ಬಗ್ಗೆ ಬಂದ ಅತ್ಯುತ್ತಮ ಕಾನೂನು ಇದೇ ಎಂದು ನನಗನಿಸುತ್ತದೆ.

ಮೆಂದೆರೆಸ್‌ರನ್ನು ನಾವು ಶಹೀದರೆಂದು ನೆನೆಯುತ್ತೇವೆ. ಆದರೆ ಅವರೂ ಕೊನೆಗಾಲದಲ್ಲಿ ಪತ್ರಿಕೆಗಳ ಬಾಯಿ ಮುಚ್ಚಿಸಿದರು, ವಿರೋಧ ಪಕ್ಷದ ವಿರುದ್ಧ ತನಿಖಾ ಆಯೋಗ ಕೂರಿಸಿದರು. 1960ರ ಮೇ 27ರಂದು ಸೈನ್ಯ ಅಧಿಕಾರ ಕಸಿಯಿತು. 1961ರ ಸೆಪ್ಟೆಂಬರ್ 17ರಂದು ಅವರನ್ನು ಇಮ್ರಾಲಿ ದ್ವೀಪದಲ್ಲಿ ಗಲ್ಲಿಗೇರಿಸಿದರು. ಆಶ್ಚರ್ಯವೆಂದರೆ, ಆ ಸೇನಾಧಿಕಾರಿಗಳು ದಿಯಾನೆತ್ತನ್ನು ಮುಚ್ಚಲಿಲ್ಲ. 1961ರ ಸಂವಿಧಾನದಲ್ಲೇ ಅದಕ್ಕೆ ಸ್ಥಾನ ಕೊಟ್ಟರು. 1980ರಲ್ಲಿ ಬಂದ ಸೇನಾಧಿಕಾರಿಗಳು ರಾಷ್ಟ್ರೀಯ ಐಕ್ಯವನ್ನು ಅದರ ಕರ್ತವ್ಯವೆಂದು 1982ರ ಸಂವಿಧಾನದಲ್ಲಿ ಬರೆದರು, ಶಾಲೆಗಳಲ್ಲಿ ಧರ್ಮದ ಪಾಠವನ್ನು ಕಡ್ಡಾಯ ಮಾಡಿದರು. ರಾಜಕೀಯ ಪಕ್ಷಗಳ ಕಾನೂನಂತೂ ಆಡಳಿತದಲ್ಲಿ ದಿಯಾನೆತ್‌ಗಿರುವ ಸ್ಥಾನಕ್ಕೆ ವಿರುದ್ಧವಾದ ಗುರಿಯನ್ನು ಯಾವ ಪಕ್ಷವೂ ಇಟ್ಟುಕೊಳ್ಳಬಾರದು ಎನ್ನುತ್ತದೆ. ಇತ್ತ ನಜ್ಮುದ್ದೀನ್ ಎರ್ಬಕಾನ್‌ರ ಪಕ್ಷಗಳನ್ನು ಒಂದಾದ ಮೇಲೊಂದರಂತೆ ಮುಚ್ಚಿಸಲಾಯಿತು. 1997ರಲ್ಲಿ ಅವರನ್ನು ಪ್ರಧಾನಿ ಪಟ್ಟದಿಂದ ಇಳಿಸಲು ಟ್ಯಾಂಕ್ ಬೇಕಾಗಲಿಲ್ಲ, ರಾಷ್ಟ್ರೀಯ ಭದ್ರತಾ ಮಂಡಳಿಯ ಒಂದು ಸಭೆ ಸಾಕಾಯಿತು.

ಸಣ್ಣ ಪಕ್ಷಗಳನ್ನು ದೂರ ಇಡಲೆಂದು 1980ರ ಸೇನಾ ಆಡಳಿತ ಶೇಕಡಾ 10ರ ಮಿತಿ ತಂದಿತ್ತು. 2002ರಲ್ಲಿ ಆ ಮಿತಿಯಿಂದಲೇ ಉರ್ದುಗಾನ್‌ರ ಪಕ್ಷ ಶೇಕಡಾ 34 ಮತಗಳಿಗೆ 550ರಲ್ಲಿ 363 ಸ್ಥಾನ ಪಡೆಯಿತು. 2013ರಲ್ಲಿ ಹಿಜಾಬ್ ಧರಿಸಿದ ಹೆಣ್ಣುಮಕ್ಕಳಿಗೆ ಸರಕಾರಿ ಕಚೇರಿಯ ಬಾಗಿಲು ತೆರೆಯಿತು. 1999ರಲ್ಲಿ ಮರ್ವೆ ಕವಾಕ್ಚಿ ಗೆದ್ದು ಬಂದರೂ ಪ್ರಮಾಣವಚನ ತೆಗೆದುಕೊಳ್ಳಲು ಬಿಡದ ಸಂಸತ್ತಿಗೆ, ಅದೇ ವರ್ಷ ನಾಲ್ವರು ಸದಸ್ಯೆಯರು ಹಿಜಾಬಿನಲ್ಲಿ ಬಂದು ಕುಳಿತರು. 2016ರ ಜುಲೈ 15ರ ರಾತ್ರಿ ಸೈನ್ಯದ ಒಂದು ಗುಂಪು ದಂಗೆಯೆದ್ದಾಗ ದಿಯಾನೆತ್‌ನ ಸೂಚನೆಯಂತೆ ಮಿನಾರಗಳಿಂದ ಸಲಾತ್ ಮೊಳಗಿತು, ಜನರು ಬೀದಿಗಿಳಿದು ದಂಗೆಯನ್ನು ತಡೆದರು. ಆಮೇಲೆ ಒಂದು ಲಕ್ಷಕ್ಕೂ ಹೆಚ್ಚು ಸರಕಾರಿ ನೌಕರರು ವಜಾಗೊಂಡರು. ಅವರಲ್ಲಿ ದಿಯಾನೆತ್‌ನ ಸಿಬ್ಬಂದಿಯೂ ಇದ್ದರು. ಇಮಾಮನ ಸಂಬಳ ಸರಕಾರದ್ದಾದರೆ ಅವನ ಹೊಟ್ಟೆಪಾಡೂ ಸರಕಾರದ ಕೈಯಲ್ಲಿರುತ್ತದೆ.

2017ರ ಜನಮತ ಸಂಗ್ರಹದಲ್ಲಿ ಶೇಕಡಾ 51ರಷ್ಟು ಒಪ್ಪಿಗೆ ಸಿಕ್ಕಿ, 2018ರಲ್ಲಿ ಪ್ರಧಾನಿ ಹುದ್ದೆಯೇ ಇಲ್ಲವಾಯಿತು. ದಿಯಾನೆತ್ ನೇರವಾಗಿ ಅಧ್ಯಕ್ಷರ ಕೈಕೆಳಗೆ ಬಂತು. ಇಂದು ಅಲ್ಲಿ ಜುಮಾ ಖುತ್ಬಾ ಅಂಕಾರಾದಲ್ಲಿ ಸಿದ್ಧವಾಗಿ ಊರೂರಿನ ಮಸೀದಿಗೆ ಬರುತ್ತದೆ, ಇಮಾಮರು ಓದುತ್ತಾರೆ. ಅದರ ಖರ್ಚಿಗೆ ತಾವೂ ತೆರಿಗೆ ಕೊಡುತ್ತಿದ್ದೇವೆ, ತಮ್ಮ ಜೆಮೆವಿಗಳಿಗೆ ಮಸೀದಿಯ ಸ್ಥಾನಮಾನವಿಲ್ಲ ಎಂದು ಅಲವಿಗಳು ದೂರುತ್ತಲೇ ಇದ್ದಾರೆ. 2024ರ ಮಾರ್ಚ್‌ನ ಸ್ಥಳೀಯ ಚುನಾವಣೆಯಲ್ಲಿ ಕಮಾಲ್ ಪಾಷಾರ ಹಳೆಯ ಪಕ್ಷವೇ ದೇಶದಲ್ಲಿ ಮೊದಲ ಸ್ಥಾನಕ್ಕೆ ಬಂತು. ಮುಂದಿನ ಅಧ್ಯಕ್ಷೀಯ ಚುನಾವಣೆ 2028ರಲ್ಲಿ. ಅದರಲ್ಲಿ ಯಾರು ಗೆದ್ದರೂ ದಿಯಾನೆತ್‌ನ ಮುಖ್ಯಸ್ಥರನ್ನು ನೇಮಿಸುವವರು ಅವರೇ.